ಹುಳುಮನೆಯಲ್ಲಿ ನಡೆದ ವಾರ್ಡ್ ಸಭೆ

ಎರ್ರಬಂಡಪಲ್ಲಿಯಲ್ಲಿ ಓಬಳಮ್ಮನ ಬಾಯಿಗೆ ಹೆದರದವಳು ಅಂದರೆ ಅವಳ ಮಗಳು ಹರಿತಾ ಒಬ್ಬಳೇ. ಮಿಕ್ಕವರೆಲ್ಲ, ಹದಿನೇಳು ವರ್ಷ ಸೈನ್ಯದಲ್ಲಿ ದುಡಿದು ಹವಾಲ್ದಾರನಾಗಿ ಮನೆಗೆ ಬಂದ ಗಂಡ ಚನ್ನಕೇಶವನೂ ಸೇರಿ, ಅವಳು "ಯಾರದು?" ಅಂದರೆ ಒಂದು ಹೆಜ್ಜೆ ಹಿಂದಕ್ಕೆ ಇಡುವವರೇ. ಅದರಲ್ಲೂ ಹುಳುಮನೆಯ ಬಾಗಿಲಲ್ಲಿ ನಿಂತು ಅಂದಳೋ, ಮುಗಿಯಿತು.

ಸಾದಲಿ ದಾಟಿ ಆಂಧ್ರದ ಕಡೆ ಮುಖ ಮಾಡಿ ಹೋದರೆ ಸಿಗುವ ಊರು ಅದು. ಮನೆಯೊಳಗೆ ತೆಲುಗು, ಪಂಚಾಯ್ತಿಯಲ್ಲಿ ಕನ್ನಡ, ಜಗಳಕ್ಕೆ ಎರಡೂ. ಊರ ಹಿಂದೆ ಗುಟ್ಟ ಅಂತ ಕರೆಯುವ ಕೆಂಪು ಬಂಡೆಯ ಗುಡ್ಡ, ಗುಟ್ಟದ ಬುಡದಲ್ಲಿ ನೂರ ಎಂಬತ್ತು ಎಕರೆ ಗೋಮಾಳ, ಗೋಮಾಳದ ಅಂಚಿನಿಂದ ಊರ ತನಕ ಹಿಪ್ಪುನೇರಳೆ ತೋಟ. ಓಬಳಮ್ಮ ಮಂಡಿಕಲ್ ಕಡೆಯ ಹಳ್ಳಿಯಿಂದ ಹತ್ತೊಂಬತ್ತನೇ ವಯಸ್ಸಿಗೆ ಸೊಸೆಯಾಗಿ ಬಂದಳು. ಮದುವೆಯಾದ ಇಪ್ಪತ್ತೆರಡನೇ ದಿನ ಗಂಡ ರಜೆ ಮುಗಿಸಿ ರೈಲು ಹತ್ತಿದ. ಅತ್ತೆ ಅವಳ ಕೈಗೆ ಸೊಪ್ಪು ಕತ್ತರಿಸುವ ಕತ್ತಿ ಕೊಟ್ಟಳು. ಅಂದಿನಿಂದ ಮೂವತ್ತೈದು ವರ್ಷ, ವರ್ಷಕ್ಕೆ ಐದಾರು ಬೆಳೆ, ರೇಷ್ಮೆಹುಳು ಮೇಯಿಸುತ್ತಲೇ ಬಂದಿದ್ದಾಳೆ.

ಹುಳು ಮೇಯಿಸುವುದು ಹಸುಗೂಸು ಸಾಕುವಂಥ ಕೆಲಸ. ಇಪ್ಪತ್ತೈದು ದಿನದೊಳಗೆ ನಾಲ್ಕು ಸಲ ಅವು ಸೊಪ್ಪು ಬಿಟ್ಟು, ತಲೆ ಎತ್ತಿಕೊಂಡು ಅಲ್ಲಾಡದೆ ನಿಂತುಬಿಡುತ್ತವೆ. ಅದಕ್ಕೆ ಜ್ವರ ಅನ್ನುತ್ತಾರೆ. ನಾಲ್ಕನೇ ಜ್ವರ ಎದ್ದ ಮೇಲೆ ಅವುಗಳ ಹೊಟ್ಟೆ ತುಂಬಿಸುವಷ್ಟರಲ್ಲಿ ಮನೆಯವರ ಸೊಂಟ ಬಿದ್ದುಹೋಗುತ್ತದೆ. ಹೊರಗಿನವರು ಒಳಗೆ ಕಾಲಿಟ್ಟರೆ ರೋಗ, ಬೀಡಿ ಹೊಗೆ ಬಂದರೆ ಕೇಡು, ಸೆಂಟಿನ ವಾಸನೆ ಬಂದರಂತೂ ಹುಳು ಸೊಪ್ಪೇ ಮುಟ್ಟುವುದಿಲ್ಲ. ಒಂದು ಸಲ ಚನ್ನಕೇಶವ ವರ್ಷದ ಮೇಲೆ ರಜೆಗೆ ಬಂದವನು, ಹೆಂಡತಿಯನ್ನು ನೋಡುವ ಆತುರದಲ್ಲಿ ಘಮಘಮ ಪೌಡರ್ ಬಳಿದುಕೊಂಡು ನೇರ ಹುಳುಮನೆಗೆ ನಡೆದ. ಓಬಳಮ್ಮ ಬಾಗಿಲಿಗೆ ಅಡ್ಡ ನಿಂತು, "ಹೋಗಿ ಸ್ನಾನ ಮಾಡ್ಕೊಂಡು ಬನ್ರೀ, ಹುಳ ಸತ್ರೆ ಯಾರು ಹೊಣೆ?" ಅಂದಳಂತೆ. ಆತ ಇವತ್ತಿಗೂ ಈ ಕತೆಯನ್ನು ಹೇಳಿಕೊಂಡು ನಗುತ್ತಾನೆ. ಅವಳು ಮಾತ್ರ, ನಗೋಕೇನಿದೆ ಅದ್ರಲ್ಲಿ, ಆ ಬೆಳೆ ಚೆನ್ನಾಗಿ ಬಂತಲ್ಲ ಅನ್ನುತ್ತಾಳೆ.

ಇಂಥವಳು ಪಂಚಾಯ್ತಿ ಮೆಂಬರ್ ಆದದ್ದು ಹೇಗೆ ಅಂತೀರಾ? ಸೀಟು ಹೆಂಗಸರಿಗೆ ಮೀಸಲಾಯಿತು. ಗಂಡ "ನಿಲ್ಲು" ಅಂದ. ಊರಲ್ಲಿ ಯಾರ ಮನೆಯ ಹುಳಕ್ಕೆ ಏನಾದರೂ ಓಡಿ ಹೋಗುತ್ತಿದ್ದವಳು ಇವಳೇ, ಹಾಗಾಗಿ ಜನ ಕಣ್ಣು ಮುಚ್ಚಿಕೊಂಡು ಓಟು ಹಾಕಿದರು. ಗೆದ್ದ ಮೇಲೆ ಅವಳಿಗೆ ಪಂಚಾಯ್ತಿ ಅಂದರೆ ಒಂದು ಕಾಟ. ಮೀಟಿಂಗ್ ಇಟ್ಟ ದಿನವೇ ಇಲ್ಲಿ ಹುಳ ಜ್ವರಕ್ಕೆ ಕೂತಿರುತ್ತಿತ್ತು. ಅವಳು ಹೋಗುತ್ತಿರಲಿಲ್ಲ. ಅದಕ್ಕೆ ಬಿಲ್ ಕಲೆಕ್ಟರ್ ಚಲಪತಿ, ಪಾಪದವನು, ನಡಾವಳಿ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ಸ್ಕೂಟರಿನಲ್ಲಿ ಬರುತ್ತಿದ್ದ. ಒಳಗೆ ಬಿಡುವಂತಿಲ್ಲವಲ್ಲ, ಹುಳುಮನೆಯ ಕಿಟಕಿಗೆ ಕಟ್ಟಿದ ನೊಣದ ಪರದೆಯನ್ನು ಒಂದು ಮೂಲೆಯಲ್ಲಿ ಎತ್ತಿ ಪುಸ್ತಕ ಒಳಗೆ ತೂರಿಸುತ್ತಿದ್ದ. "ಎಲ್ಲಿ ಹಾಕ್ಬೇಕೋ ತೋರ್ಸಪ್ಪ, ಕೈ ಒದ್ದೆ ಇದೆ" ಅನ್ನುತ್ತಿದ್ದಳು. ಅವನು ಬೆರಳಿಟ್ಟ ಕಡೆ ಸಹಿ ಬೀಳುತ್ತಿತ್ತು. ಮೂರು ವರ್ಷ ಹೀಗೇ ನಡೆಯಿತು. ಆ ಪುಸ್ತಕದ ಎಷ್ಟೋ ಪುಟಗಳಲ್ಲಿ, ಹುಳ ಮುಟ್ಟುವ ಮುಂಚೆ ಕೈ ತೊಳೆಯುವ ಬ್ಲೀಚಿಂಗ್ ನೀರಿನ ಕಲೆ ಇದೆ.

ಕಂಪ್ನಿ ಬಂದದ್ದು ಮೂರನೇ ವರ್ಷ. ಹೆಸರು ಅಗ್ನಿಕೇತು ಡಿಫೆನ್ಸ್. ಫಿರಂಗಿ ಶೆಲ್ಲು, ರಾಕೆಟ್ಟು ತಯಾರಿಸುವವರು. ತಯಾರಿಸಿದ್ದನ್ನು ಸಿಡಿಸಿ ನೋಡುವುದಕ್ಕೆ ಜಾಗ ಬೇಕಿತ್ತು. ನಮ್ಮ ಗುಟ್ಟ, ಗೋಮಾಳ ಕಣ್ಣಿಗೆ ಬಿತ್ತು. ಜನರನ್ನು ಕೇಳುವ ಮುಂಚೆಯೇ ಕಂಪ್ನಿ ಕೊಡುವುದಕ್ಕೆ ಶುರು ಮಾಡಿತು. ಸ್ಕೂಲಿಗೆ ಬೆಂಚು, ಮುದುಕರಿಗೆ ಕನ್ನಡಕ, ಪಂಚಾಯ್ತಿಗೆ ಕಂಪ್ಯೂಟರು. ಸರಿ, ತಗೊಂಡರು, ಯಾರು ಬೇಡ ಅಂದಾರು. ಆಮೇಲೆ ಜಿಲ್ಲೆಯ ದೊಡ್ಡ ಕಚೇರಿಗೆ ಏಸಿ ಹಾಕಿದ ಮೀಟಿಂಗ್ ಹಾಲು. ಪೊಲೀಸ್ ಸ್ಟೇಷನ್ನಿಗೆ, ಯಾವ ಸ್ಟೇಷನ್ನು ಅಂತ ನನ್ನನ್ನು ಕೇಳಬೇಡಿ, ಎರಡು ಹೊಸ ಜೀಪು, ರಸ್ತೆಗೆ ಅಡ್ಡ ಇಡುವ ಹದಿನಾರು ಬ್ಯಾರಿಕೇಡು. ಬ್ಯಾರಿಕೇಡಿನ ಮೇಲೆ ಅಗ್ನಿಕೇತು ಅಂತ ದೊಡ್ಡದಾಗಿ, ಅದರ ಕೆಳಗೆ ಪೊಲೀಸ್ ಅಂತ ಚಿಕ್ಕದಾಗಿ. ಇಷ್ಟೆಲ್ಲ ಆದ ಮೇಲೆ ಗೋಮಾಳದ ವಿಷಯ ಯಾರು ಕೇಳಲಿ, ಯಾವ ಕಚೇರಿಯಲ್ಲಿ ಕೇಳಲಿ, ಒಂದೇ ಮಾತು: ದೇಶದ ಭದ್ರತೆ, ಹೇಳೋ ಹಾಗಿಲ್ಲ.

ಹರಿತಾಗೆ ಇಪ್ಪತ್ತಾರು. ಚಿಂತಾಮಣಿಯಲ್ಲಿ ಬಿ.ಎ. ಓದಿ, ಪಂಚಾಯ್ತಿಯ ಲೈಬ್ರರಿ ನೋಡಿಕೊಳ್ಳುತ್ತಿದ್ದಳು. ಅವಳು ಮಾಡಿದ್ದು ಇಷ್ಟೇ. ಲೈಬ್ರರಿ ಗೋಡೆಗೆ ಒಂದು ಬಿಳಿ ಹಾಳೆ ಅಂಟಿಸಿ ನಾಲ್ಕು ಪ್ರಶ್ನೆ ಬರೆದಳು. ಗೋಮಾಳದಲ್ಲಿ ಏನನ್ನು ಸಿಡಿಸುತ್ತಾರೆ? ವಾರಕ್ಕೆ ಎಷ್ಟು ದಿನ? ಆ ದಿನ ದನ, ಕುರಿ ಎಲ್ಲಿ ಮೇಯಬೇಕು? ಜಾಗ ಕೊಡುತ್ತೇವೆ ಅಂತ ನಾವು ಯಾವತ್ತು ಒಪ್ಪಿದೆವು? ಗೊತ್ತಿದ್ದವರು ಉತ್ತರ ಬರೆಯಿರಿ ಅಂತ ಪಕ್ಕದಲ್ಲಿ ಒಂದು ಪೆನ್ನು ದಾರ ಕಟ್ಟಿ ನೇತುಹಾಕಿದಳು. ಹಾಳೆಯ ಫೋಟೋ ಊರೂರಿನ ವಾಟ್ಸಾಪ್ ಗ್ರೂಪಿಗೆ ಹೋಯಿತು. ಮೂರನೇ ದಿನ ಸ್ಟೇಷನ್ನಿಗೆ ಕರೆ ಬಂತು. ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರ ತನಕ ಬೆಂಚಿನ ಮೇಲೆ ಕೂರಿಸಿದರು. ಫೋನು ಕಿತ್ತುಕೊಂಡರು, ಅದಕ್ಕೊಂದು ರಸೀತಿ ಇಲ್ಲ. ಸದ್ಯ ಅವಳನ್ನು ಲೈಬ್ರರಿಗೆ ಬಿಡಬೇಡಿ ಅಂತ ಪಂಚಾಯ್ತಿಗೂ ಮೇಲಿನಿಂದ ಫೋನು ಬಂತು. ಕೊನೆಗೆ ಒಂದು ಮುಚ್ಚಳಿಕೆಯ ಕಾಗದ ಕೈಗೆ ಕೊಟ್ಟು, ಒಂದು ವಾರದಲ್ಲಿ ಸಹಿ ಮಾಡಿ ತಾ, ಇಲ್ಲದಿದ್ದರೆ ಕೇಸು ಅಂದರು. ಕಂಪ್ನಿಯ ವಿಷಯ ಬರೆಯುವುದಿಲ್ಲ, ಮಾತಾಡುವುದಿಲ್ಲ, ಜನ ಸೇರಿಸುವುದಿಲ್ಲ ಅಂತ ಅದರಲ್ಲಿತ್ತು.

ಆ ಸಂಜೆ ಓಬಳಮ್ಮ ಹೆದರಿದಳು. ಕೇಸು ಅಂದರೆ ಏನು, ಕೋರ್ಟು ಅಂದರೆ ಏನು, ಮದುವೆಯಾಗಬೇಕಾದ ಹುಡುಗಿ. ಅಡುಗೆಮನೆಯಲ್ಲಿ ಮಗಳ ಮುಂದೆ ಕೂತು ಅವಳ ಕೈ ಹಿಡಿದುಕೊಂಡಳು. "ಹಾಕ್ಬಿಡೇ ತಾಯಿ. ಒಂದು ಸಹಿ ತಾನೇ. ಅಷ್ಟಕ್ಕೆ ಹೋಗಲಿ."

ಹರಿತಾ ಬ್ಯಾಗಿನಿಂದ ಒಂದು ಜೆರಾಕ್ಸ್ ತೆಗೆದು ಅಮ್ಮನ ಮುಂದಿಟ್ಟಳು. "ನೀನು ಹಾಕಿದ್ದೂ ಒಂದು ಸಹಿ ತಾನೇ ಅಮ್ಮ."

ಆಗಸ್ಟ್ ತಿಂಗಳ ನಡಾವಳಿ. ಗೋಮಾಳವನ್ನು ಅಗ್ನಿಕೇತು ಕಂಪ್ನಿಯ ಪರೀಕ್ಷಾ ಕೆಲಸಕ್ಕೆ ಬಿಟ್ಟುಕೊಡಲು ವಾರ್ಡಿನ ಸಮಸ್ತ ಜನರ ಪರವಾಗಿ ಸದಸ್ಯರು ಒಪ್ಪಿದ್ದಾರೆ. ಕೆಳಗೆ ಓಬಳಮ್ಮ ಅಂತ ವಾಲಾಡುವ ಅಕ್ಷರ, ಪಕ್ಕದಲ್ಲಿ ನೀರಿನ ಕಲೆಯ ನೆರಳು. ನಾಲ್ಕನೇ ಪ್ರಶ್ನೆಗೆ ಉತ್ತರ ಮನೆಯಲ್ಲೇ ಇತ್ತು. ಮನಸ್ಸು ತಡೆಯದೆ ಆ ಜೆರಾಕ್ಸನ್ನು ಹರಿತಾಗೆ ತಂದುಕೊಟ್ಟವನು ಚಲಪತಿಯೇ.

ಓಬಳಮ್ಮ ಎದ್ದು ಹೋಗಿ ಹುಳಕ್ಕೆ ಸೊಪ್ಪು ಹಾಕಿದಳು. ಅವಳಿಗೆ ನಾಚಿಕೆಯಾಗಿತ್ತು, ಹೇಳಿಕೊಳ್ಳಲಾರದಷ್ಟು. ಊರವರು ನಂಬಿ ಓಟು ಹಾಕಿದ್ದರು, ಅವಳು ಅವರ ದನ ಮೇಯುವ ನೆಲವನ್ನು ಕಿಟಕಿಯಲ್ಲಿ ಕೊಟ್ಟುಬಿಟ್ಟಿದ್ದಳು. ಮಗಳು ಅದನ್ನು ಕೇಳಿದ್ದಕ್ಕೆ ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ಬಂದಿದ್ದಳು. ಅವಳು ಅತ್ತಳು, ಸೊಪ್ಪು ಹಾಕುತ್ತಲೇ ಅತ್ತಳು.

ಮಾರನೇ ದಿನ ಮೂರು ವರ್ಷದಲ್ಲಿ ಮೊದಲ ಸಲ, ಯಾರೂ ಕರೆಯದೆ, ಪಂಚಾಯ್ತಿ ಆಫೀಸಿಗೆ ಹೋದಳು. ಬಾಗಿಲಲ್ಲೇ ಸಿಕ್ಕ ಚಲಪತಿಗೆ ಪೂಜೆಯಾಯಿತು. ಅವನು ತಲೆ ಬಗ್ಗಿಸಿಕೊಂಡು ನಿಂತು, "ಓದಿ ಹೇಳ್ಬೇಡ ಅಂದಿದ್ರಕ್ಕ, ಸುಮ್ನೆ ಸಹಿ ಹಾಕಿಸ್ಕೊಂಬಾ ಅಂದಿದ್ರು. ನಂದು ಪರ್ಮನೆಂಟ್ ಕೆಲಸ ಅಲ್ಲ" ಅಂದ. ಅವಳಿಗೆ ಬೈಯುವುದಕ್ಕೆ ಇನ್ನೂ ಇತ್ತು, ಆದರೆ ಅವನ ಮುಖ ನೋಡಿ ಬಿಟ್ಟಳು.

ಪಿಡಿಒ ರಮೇಶ್‌ಬಾಬು ಕುರ್ಚಿ ತೋರಿಸಿದ. ಓಬಳಮ್ಮ ಕೂರಲಿಲ್ಲ. "ನನ್ನ ಸಹಿ ನಂಗೆ ವಾಪಸ್ ಕೊಡಿ" ಅಂದಳು.

ಅವನಿಗೆ ನಗು ಬಂತು, ಆಮೇಲೆ ನಗು ನಿಂತಿತು. ಎದ್ದು ಬಾಗಿಲು ಮುಚ್ಚಿ ಬಂದ. "ಸಹಿ ವಾಪಸ್ ಬರಲ್ಲಮ್ಮ. ಆದ್ರೆ ಹನ್ನೆರಡನೇ ತಾರೀಖು ನಿಮ್ಮ ವಾರ್ಡ್ ಸಭೆ ಇದೆಯಲ್ಲ, ಮೆಂಬರಾಗಿ ಅದಕ್ಕೆ ನೀವೇ ಅಧ್ಯಕ್ಷರು. ಜನ ಸೇರಿ, ಆ ಒಪ್ಪಿಗೆ ನಮ್ಮದಲ್ಲ ಅಂತ ಹೇಳಿ ನಡಾವಳೀಲಿ ಬರೆಸಿದ್ರೆ ಹಳೇದು ನಿಲ್ಲಲ್ಲ. ಹದಿನೈದಕ್ಕೆ ಫೈಲು ಮೇಲಕ್ಕೆ ಹೋಗುತ್ತೆ, ಆಮೇಲೆ ಯಾರ ಕೈಲೂ ಆಗಲ್ಲ. ಇದನ್ನ ನಾನು ಹೇಳಿದೆ ಅಂತ ಎಲ್ಲೂ ಹೇಳ್ಬೇಡಿ."

ಓಬಳಮ್ಮ ಮನೆಗೆ ಬಂದು ಮುಚ್ಚಳಿಕೆಯ ಕಾಗದವನ್ನು ಮಡಿಸಿ ಮಗಳ ಕೈಗೆ ಕೊಟ್ಟಳು. "ಹಾಕ್ಬೇಡ ಕಣೇ" ಅಂದಳು.

ಕಂಪ್ನಿಗೆ ಗಾಳಿಸುದ್ದಿ ಮುಟ್ಟುವುದಕ್ಕೆ ಎಷ್ಟು ಹೊತ್ತು? ಹತ್ತನೇ ತಾರೀಖು ಬೆಳಿಗ್ಗೆ ಊರ ಬಾಗಿಲಿಗೆ ನಾಲ್ಕು ಬ್ಯಾರಿಕೇಡು ಬಂದು ನಿಂತವು. ಗುಟ್ಟದ ಸುತ್ತ ಮೂರು ಕಿಲೋಮೀಟರ್ ಒಳಗೆ ಹದಿನೈದು ದಿನ ಐದು ಜನಕ್ಕಿಂತ ಹೆಚ್ಚು ಸೇರಬಾರದು, ಸಭೆ ಸಮಾರಂಭ ಮಾಡಬಾರದು ಅಂತ ಆದೇಶ. ಕಾರಣ, ರಾಷ್ಟ್ರ ಮಹತ್ವದ ಯೋಜನೆ. ಊರೆಂಬ ಊರು ಸುಮ್ಮನಾಗಿಬಿಟ್ಟಿತು. ಟೀ ಅಂಗಡಿಯಲ್ಲಿ ನಾಲ್ಕು ಜನ ಕೂತಿದ್ದರೆ ಐದನೆಯವನು ನಿಂತುಕೊಂಡೇ ಕುಡಿದು ಹೋಗುತ್ತಿದ್ದ.

ಚನ್ನಕೇಶವ ಅಲ್ಲಿಯವರೆಗೆ ಕಂಪ್ನಿಯ ಕಡೆಗೇ ಇದ್ದವನು. ದೇಶಕ್ಕೆ ಗುಂಡು ಬೇಡವಾ, ಗುಂಡಿಲ್ಲದೆ ನಾವೇನು ಕಲ್ಲು ಹೊಡೀಬೇಕಿತ್ತಾ ಅಂತ ಮಗಳ ಜೊತೆ ವಾದ ಹಾಕುತ್ತಿದ್ದ. ಅವತ್ತು ಮಧ್ಯಾಹ್ನ ಸಾದಲಿಯಿಂದ ಹಿಂಡಿ ಮೂಟೆ ತರುವಾಗ ಬ್ಯಾರಿಕೇಡಿನ ಹತ್ತಿರ ಅವನನ್ನು ತಡೆದು ಆಧಾರ್ ಕೇಳಿದರು. ಅವನು ಹುಟ್ಟಿದ ಊರಿಗೆ ಹೋಗಲು ಕಾರ್ಡು ತೋರಿಸಬೇಕು, ಅದೂ ಕಂಪ್ನಿಯ ಹೆಸರು ಬರೆದ ಕಂಬಿಯ ಮುಂದೆ ನಿಂತು. ಮನೆಗೆ ಬಂದವನು ಮೂಟೆ ಇಳಿಸಿ ಜಗಲಿಯ ಮೇಲೆ ಕೂತ. "ಫೈರಿಂಗ್ ಇದ್ದ ದಿನ ನಾವು ಕೆಂಪು ಬಾವುಟ ಏರಿಸ್ತಿದ್ವಿ ಕಣಮ್ಮ" ಅಂತ ಮಗಳಿಗೆ ಹೇಳಿದ. "ಸುತ್ತಲ ಹಳ್ಳಿಗೆ ಮುಂಚೇನೇ ತಿಳಿಸ್ತಿದ್ವಿ. ಕೇಳಿದೋರ ಬಾಯಿ ಮುಚ್ಚಿಸಿ ಅಂತ ನಮಗೆ ಯಾರೂ ಯಾವತ್ತೂ ಹೇಳಿರ್ಲಿಲ್ಲ."

ಅಂಗನವಾಡಿ ಗೋಡೆಗೆ ಪೊಲೀಸರು ಅಂಟಿಸಿದ್ದ ಆದೇಶವನ್ನು ಹರಿತಾ ಒಂದೊಂದೇ ಸಾಲು ಬರೆದುಕೊಂಡು ಬಂದಿದ್ದಳು. ಅವಳಿಗೆ ಅದೊಂದು ರೋಗ, ಏನು ಸಿಕ್ಕಿದರೂ ಕೊನೆಯ ತನಕ ಓದಬೇಕು. ಅಡುಗೆಮನೆಯಲ್ಲಿ ಕೂತು ಅಪ್ಪ ಅಮ್ಮನಿಗೆ ಓದಿ ಹೇಳಿದಳು. ಏಳನೇ ಸಾಲು: ಮದುವೆ, ಶವಸಂಸ್ಕಾರ, ಕೃಷಿ, ಹೈನುಗಾರಿಕೆ ಮತ್ತು ರೇಷ್ಮೆ ಕೆಲಸಗಳಿಗೆ ಈ ಆದೇಶ ಅನ್ವಯಿಸುವುದಿಲ್ಲ.

"ಇನ್ನೊಂದ್ಸಲ ಓದೆ" ಅಂದಳು ಓಬಳಮ್ಮ.

ಓದಿದಳು. ಓಬಳಮ್ಮ ಎದ್ದು ಹುಳುಮನೆಗೆ ಹೋದಳು. ನಾಲ್ಕನೇ ಜ್ವರ ಎದ್ದು ಆರನೇ ದಿನ. ಒಂದು ಹುಳವನ್ನು ಅಂಗೈ ಮೇಲೆ ಇಟ್ಟುಕೊಂಡು ಬೆಳಕಿಗೆ ಹಿಡಿದು ನೋಡಿದಳು. ಕುತ್ತಿಗೆಯ ಹತ್ತಿರ ಇನ್ನೂ ಬಿಳುಪಿತ್ತು.

ಇಲ್ಲಿ ಒಂದು ಮಾತು ಹೇಳಬೇಕು. ಹುಳು ತಿಂದು ತಿಂದು ಒಂದು ದಿನ ತಿನ್ನುವುದನ್ನು ಬಿಡುತ್ತದೆ. ಮೈ ಹಳದಿಗೆ ತಿರುಗಿ, ದ್ರಾಕ್ಷಿಯಂತೆ ಒಳಗೆಲ್ಲ ಕಾಣುತ್ತದೆ. ಅದಕ್ಕೆ ಹಣ್ಣು ಹುಳು ಅನ್ನುತ್ತಾರೆ. ಹಣ್ಣಾದ ಹುಳವನ್ನು ಆಗಿಂದಾಗಲೇ ಆಯ್ದು, ಬಿದಿರಿನ ಚಂದ್ರಿಕೆಯ ಮೇಲೆ ಬಿಡಬೇಕು, ಅಲ್ಲಿ ಅದು ಗೂಡು ಕಟ್ಟುತ್ತದೆ. ತಡವಾದರೆ ನೂಲೆಲ್ಲ ಸೊಪ್ಪಿಗೆ ಸುತ್ತಿ ಹಾಳು. ಲಕ್ಷಕ್ಕೂ ಮೇಲೆ ಹುಳು, ಒಂದೇ ದಿನದ ಕೆಲಸ, ಮನೆಯವರು ಮೂವರು ಏನು ಮಾಡಿಯಾರು? ಅದಕ್ಕೇ ಊರಲ್ಲಿ ಮುಯ್ಯಾಳು ಅಂತ ಇದೆ. ಇವತ್ತು ನಿನ್ನ ಮನೆಗೆ ನಾನು, ನಾಳೆ ನನ್ನ ಮನೆಗೆ ನೀನು. ಹುಳು ಹಣ್ಣಾಯಿತು ಅಂತ ಒಂದು ಮನೆಯಿಂದ ಕೂಗು ಬಂದರೆ, ಜಗಳ ಇದ್ದವರೂ ಹೋಗಿ ಕೂರಬೇಕು. ವರ್ಷವೆಲ್ಲ ಹೊರಗಿನವರಿಗೆ ಮುಚ್ಚಿದ ಹುಳುಮನೆ ಊರಿಗೆ ತೆರೆಯುವುದು ಅವತ್ತು ಮಾತ್ರ.

"ಹನ್ನೆರಡಕ್ಕೆ ಹಣ್ಣಾಗ್ತವೆ" ಅಂದಳು ಓಬಳಮ್ಮ ಹೊರಗೆ ಬಂದು. "ಸಭೆ ಇಲ್ಲೇ ಆಗಲಿ. ಕದ್ದು ಮುಚ್ಚಿ ಬೇಡ. ಜಾಗ ಬದಲಾಗಿದೆ ಅಂತ ನೋಟೀಸ್ ಬರಿ, ನಾನೇ ಅಂಟಿಸ್ತೀನಿ."

ಫೆಬ್ರವರಿಯ ಚಳಿ ಇನ್ನೂ ಬಿಟ್ಟಿರಲಿಲ್ಲ. ಚಳಿಯಿದ್ದರೆ ಹುಳು ಒಂದು ದಿನ ಹಿಂದೆ ಬೀಳುತ್ತದೆ, ಒಂದು ದಿನ ಹಿಂದೆ ಬಿದ್ದರೆ ಎಲ್ಲ ಮುಗಿಯಿತು. ಎರಡು ದಿನ ಅವಳು ಇದ್ದಿಲು ಕುಂಪಟಿ ಇಟ್ಟುಕೊಂಡು ಹುಳುಮನೆಯ ಬಿಸಿ ಕಾದಳು. ಚನ್ನಕೇಶವ ಸೈನ್ಯದಲ್ಲಿ ಕಾವಲು ಬದಲಿಸಿದಂತೆ ಅವಳ ಜೊತೆ ಸರದಿ ಹಾಕಿಕೊಂಡ. ಹೊಗೆ ಬಂದರೆ ಬೈಸಿಕೊಂಡ.

ಹನ್ನೆರಡರ ಬೆಳಿಗ್ಗೆ ಆರೂವರೆಗೆ ಅವಳು ಮತ್ತೆ ಒಂದು ಹುಳವನ್ನು ಬೆಳಕಿಗೆ ಹಿಡಿದಳು. ಹಳದಿ ತಿರುಗಿತ್ತು. ಬೀದಿಗೆ ಬಂದು, "ಹುಳ ಹಣ್ಣಾಯ್ತು, ರಂಡಮ್ಮಾ" ಅಂತ ತೆಲುಗಿನಲ್ಲಿ ಕೂಗಿದಳು, ಬನ್ನಿ ಅಂತ. ಜನ ಬರುತ್ತಾರೋ ಇಲ್ಲವೋ ಅವಳಿಗೆ ಗೊತ್ತಿರಲಿಲ್ಲ. ನೋಟೀಸನ್ನು ಎಲ್ಲರೂ ಓದಿದ್ದರು, ಬ್ಯಾರಿಕೇಡನ್ನೂ ಎಲ್ಲರೂ ನೋಡಿದ್ದರು.

ಅರ್ಧ ಗಂಟೆ ಯಾರೂ ಬರಲಿಲ್ಲ. ಆಮೇಲೆ ಮೊದಲು ಬಂದವರು ರಾಧಮ್ಮ ಟೀಚರು. ಊರಿನ ಸ್ಕೂಲಿನಲ್ಲಿ ಮೂವತ್ತು ವರ್ಷ ಪಾಠ ಹೇಳಿ ಇಲ್ಲೇ ಉಳಿದವರು, ಎಪ್ಪತ್ತು ದಾಟಿದೆ. ಹುಳ ಅಂದರೆ ಅವರಿಗೆ ಅಸಹ್ಯ. ಇಷ್ಟು ವರ್ಷದಲ್ಲಿ ಒಂದು ಹುಳವನ್ನೂ ಮುಟ್ಟಿದವರಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, "ಹೇಗೆ ಹಿಡೀಬೇಕು ತೋರಿಸೇ ಓಬಳಮ್ಮ, ಕಚ್ಚಲ್ಲ ತಾನೇ?" ಅಂದರು. ಅವರ ಹಿಂದೆ ಅಕ್ಕಪಕ್ಕದ ಮನೆಯವರು ಬಂದರು, ಆಚೆ ಬೀದಿಯವರು ಬಂದರು, ಗೋಮಾಳದಲ್ಲಿ ಕುರಿ ಕಾಯುವವರು ಬಂದರು. ಎಲ್ಲರೂ ಬ್ಲೀಚಿಂಗ್ ನೀರಲ್ಲಿ ಕೈಕಾಲು ತೊಳೆದು ಒಳಗೆ ಕೂತು ಹುಳು ಆಯತೊಡಗಿದರು. ಹತ್ತು ಗಂಟೆಗೆ ಮನೆಯವರೂ ಸೇರಿ ಅರವತ್ಮೂರು ಜನ. ಚಲಪತಿ ಒಂದು ಸೊಪ್ಪಿನ ಹೊರೆ ಹೊತ್ತು ಬಂದ. ಹಣ್ಣು ಹುಳಕ್ಕೆ ಸೊಪ್ಪು ಯಾಕಯ್ಯಾ ಅಂತ ಯಾರೋ ಕೇಳುವಷ್ಟರಲ್ಲಿ ಹೊರೆಯ ಒಳಗಿನಿಂದ ನಡಾವಳಿ ಪುಸ್ತಕ ತೆಗೆದು, ಮೂಲೆಯಲ್ಲಿ ಕೂತು ಪೆನ್ನಿನ ಕ್ಯಾಪು ಬಿಚ್ಚಿದ.

ಜೀಪು ಬಂದದ್ದು ಹತ್ತೂವರೆಗೆ. ನೋಟೀಸ್ ಅಂಟಿಸಿದ ಮೇಲೆ ಬಾರದೆ ಇರುತ್ತದೆಯೇ. ಇಳಿದವನು ಅಂಬರೀಶ್ ಅನ್ನುವ ಕಾನ್‌ಸ್ಟೇಬಲ್, ಮೂವತ್ತರ ಆಸುಪಾಸು, ಜೊತೆಗೆ ಡ್ರೈವರ್. ಓಬಳಮ್ಮ ಬಾಗಿಲಿಗೆ ಅಡ್ಡ ನಿಂತಳು. ಬಾಯಿ ಅಭ್ಯಾಸಬಲದಿಂದ ಕೆಲಸ ಮಾಡಿತು.

"ಬೂಟು ಬಿಚ್ಚಿ. ಕಾಲು ತೊಳ್ಕೊಂಡು ಒಳಗೆ ಬನ್ನಿ, ಇಲ್ಲಾಂದ್ರೆ ಅಲ್ಲೇ ನಿಲ್ಲಿ."

"ಏನಮ್ಮಾ ನಡೀತಿದೆ ಇಲ್ಲಿ?"

"ಹುಳ ಆಯ್ತಿದೀವಿ. ವಾರ್ಡ್ ಸಭೇನೂ ಮಾಡ್ತಿದೀವಿ. ಎರಡೂ."

ಸುಳ್ಳು ಹೇಳುತ್ತಾಳೆ ಅಂದುಕೊಂಡಿದ್ದ ಅಂಬರೀಶ್‌ ಬೂಟು ಬಿಚ್ಚಿದ. ಕಾಲು ತೊಳೆದು ಒಳಗೆ ಇಣುಕಿದ. ಸಾಲು ಸಾಲು ತಟ್ಟೆಗಳ ಮೇಲೆ ಹಳದಿ ಹುಳು ತಲೆ ಎತ್ತಿ ಆಡಿಸುತ್ತಿತ್ತು, ಆಯುವ ಕೈಗಳು ಸಾಲುತ್ತಿರಲಿಲ್ಲ. ಅವನ ಮುಖವೇ ಬದಲಾಯಿತು. "ಅಯ್ಯೋ, ಆ ಮೂಲೇಲಿ ನೂಲು ಬಿಡ್ತಾ ಇವೆಯಲ್ಲಮ್ಮ, ಇನ್ನೂ ಯಾಕೆ ಬಿಟ್ಟಿದೀರಿ?" ಅಂದ. ಚಿಂತಾಮಣಿ ಕಡೆಯ ಹಳ್ಳಿಯವನು; ಅವನ ಅಮ್ಮನೂ ಹುಳು ಮೇಯಿಸುವವಳೇ. ಓಬಳಮ್ಮ ಒಂದು ಖಾಲಿ ಮೊರ ಅವನ ಕೈಗೆ ಕೊಟ್ಟಳು. ಅವನು ಡ್ರೈವರ್‌ನ ಕಡೆ ಒಂದು ಸಲ ನೋಡಿದ, ಆಮೇಲೆ ಮೂಲೆಗೆ ಹೋಗಿ ಕುಕ್ಕರುಗಾಲಲ್ಲಿ ಕೂತು ಆಯತೊಡಗಿದ. ಸ್ವಲ್ಪ ಹೊತ್ತಿನ ಮೇಲೆ, ತಲೆ ಎತ್ತದೆ, ಹರಿತಾಳನ್ನು ಕೇಳಿದ: "ಕೆಲಸ ಮಾಡ್ತಾ ಮಾತಾಡಬಾರದು ಅಂತ ಆರ್ಡರಲ್ಲಿ ಇದೆಯೇನಮ್ಮ?"

"ಇಲ್ಲ ಸಾರ್. ಪೂರ್ತಿ ಓದಿದೀನಿ."

"ಹಂಗಾದ್ರೆ ನಾನು ನೋಡಿದ್ದು ರೇಷ್ಮೆ ಕೆಲಸ."

ಸಭೆ ಶುರುವಾಯಿತು. ಓಬಳಮ್ಮ ಎದ್ದು ನಿಂತು ಆಗಸ್ಟ್ ತಿಂಗಳ ಕತೆಯನ್ನು ಇದ್ದದ್ದು ಇದ್ದ ಹಾಗೆ ಹೇಳಿದಳು. ಓದದೆ ಸಹಿ ಹಾಕಿದೆ, ನಿಮ್ಮನ್ನು ಕೇಳದೆ ನಿಮ್ಮ ಹೆಸರಲ್ಲಿ ಹಾಕಿದೆ, ನಂದು ತಪ್ಪು ಅಂದಳು. ಯಾರೂ ಬೈಯಲಿಲ್ಲ, ಅದು ಅವಳಿಗೆ ಬೈಗುಳಕ್ಕಿಂತ ಹೆಚ್ಚು ನೋವಾಯಿತು. ಚನ್ನಕೇಶವ, ಸೈನ್ಯಕ್ಕೆ ಗುಂಡು ಬೇಕು, ನಾನು ಬೇಡ ಅನ್ನೋನಲ್ಲ, ಆದ್ರೆ ನಮ್ಮನ್ನ ಕೇಳಿ, ಕೇಳಿದೋರನ್ನ ಹೆದರಿಸ್ಬೇಡಿ, ನಂದಿಷ್ಟೇ ಅಂದ. ಹರಿತಾ ನಾಲ್ಕು ಪ್ರಶ್ನೆಯನ್ನೂ ಓದಿದಳು.

"ಸರಿ" ಅಂದ ಚಲಪತಿ, "ಆಗಸ್ಟ್ ತಿಂಗಳ ಒಪ್ಪಿಗೆ ಬೇಡ ಅನ್ನೋರು ಕೈ ಎತ್ತಿ, ಎಣಿಸ್ಕೋತೀನಿ."

ಯಾರೂ ಎತ್ತಲಿಲ್ಲ. ಎತ್ತುವುದು ಹೇಗೆ? ಒಬ್ಬೊಬ್ಬರ ಬೊಗಸೆಯಲ್ಲೂ ಹಣ್ಣು ಹುಳು ಇತ್ತು. ಕೆಡವಿದರೆ ಸತ್ತುಹೋಗುತ್ತವೆ. ಗುಂಪಿನಲ್ಲಿ ಕೈ ಎತ್ತುವುದು ಸುಲಭ, ಯಾರು ಮೊದಲು ಎತ್ತಿದರು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಈಗ ಬಾಯಿ ಬಿಡಬೇಕು, ಪೊಲೀಸಿನವನು ಮೂಲೆಯಲ್ಲಿ ಕೂತಿರುವಾಗ.

"ರಾಧಮ್ಮ" ಅಂದರು ಟೀಚರು, ಕ್ಲಾಸಿನಲ್ಲಿ ಹಾಜರಿ ಕೂಗುವ ದನಿಯಲ್ಲಿ. ಬೊಗಸೆಯನ್ನು ಮುಖದಿಂದ ಆದಷ್ಟು ದೂರ ಹಿಡಿದುಕೊಂಡಿದ್ದರು. "ನನ್ನ ಒಪ್ಪಿಗೆ ಇಲ್ಲ. ಬರ್ಕೊಳ್ಳಯ್ಯ."

ಆಮೇಲೆ ಅವರ ಪಕ್ಕದವಳು ಹೆಸರು ಹೇಳಿದಳು. ಅವಳ ಪಕ್ಕದವನು ಹೇಳಿದ. ಕೆಲವರು ಕನ್ನಡದಲ್ಲಿ, ಕೆಲವರು ತೆಲುಗಿನಲ್ಲಿ. ಪಿಸುಗುಟ್ಟಿದವರಿಗೆ ಚಲಪತಿ, ಕೇಳಿಸ್ಲಿಲ್ಲ, ಜೋರಾಗಿ ಅನ್ನುತ್ತಿದ್ದ. ಗಂಡ ಇದ್ದ ಕಡೆ ಬಾಯಿ ಬಿಡದ ಹೆಂಗಸರು ಗಂಡನ ಎದುರಿಗೇ ತಮ್ಮ ಹೆಸರು ತಾವು ಹೇಳಿದರು. ಅರವತ್ತೆರಡು ಹೆಸರು ಆದವು. ಕೊನೆಗೆ ಓಬಳಮ್ಮ. "ಮೊದಲು ಒಪ್ಪಿದ್ದವಳು ನಾನೇ. ಈಗ ಇಲ್ಲ ಅಂತಿದೀನಿ. ಎರಡನ್ನೂ ಬರಿ" ಅಂದಳು.

ಮಧ್ಯಾಹ್ನ ಮೂರಕ್ಕೆ ಕೊನೆಯ ಹುಳು ಚಂದ್ರಿಕೆ ಹತ್ತಿತು. ಎಲ್ಲರೂ ಕೈ ತೊಳೆದು ಸಹಿ ಹಾಕಿ, ಹೆಬ್ಬೆಟ್ಟೊತ್ತಿ, ಮುದ್ದೆ ಸಾರು ಉಂಡು ಹೋದರು. ಅಂಬರೀಶ್ ಉಣ್ಣಲಿಲ್ಲ, ಡ್ಯೂಟಿ ಅಂದ. ಮಜ್ಜಿಗೆ ಮಾತ್ರ ಕುಡಿದ.

ಹದಿಮೂರಕ್ಕೆ ಓಬಳಮ್ಮ, ಹರಿತಾ ಬಸ್ಸು ಹತ್ತಿ ಚಿಕ್ಕಬಳ್ಳಾಪುರಕ್ಕೆ ಹೋಗಿ ನಡಾವಳಿಯ ಪ್ರತಿಯನ್ನು ದೊಡ್ಡ ಅಧಿಕಾರಿಯ ಕೈಗೇ ಕೊಟ್ಟರು. ಆತ ಕನ್ನಡಕದ ಮೇಲಿನಿಂದ ನೋಡಿ, "ಎರಡೂ ನಿಮ್ಮದೇ ಸಹಿ. ನಾನು ಯಾವುದನ್ನ ನಂಬಲಿ?" ಅಂದ. "ಮೊದಲನೇದು ಹಾಕುವಾಗ ನಾನೊಬ್ಬಳೇ ಇದ್ದೆ ಸ್ವಾಮಿ, ಅದನ್ನೂ ಓದಿರ್ಲಿಲ್ಲ. ಇದನ್ನ ಹಾಕುವಾಗ ಊರೇ ಇತ್ತು" ಅಂದಳು. ಆತ ಒಂದೊಂದು ಹೆಸರಿನ ಮುಂದೂ ಬರೆದಿದ್ದ ಮಾತನ್ನು ಓದಿದ, ಬಹಳ ಹೊತ್ತು ತಗೊಂಡ. ಫೈಲು ಹದಿನೈದಕ್ಕೆ ಮೇಲಕ್ಕೆ ಹೋಗಲಿಲ್ಲ. ಹಳೆಯ ಒಪ್ಪಿಗೆ ಬಿದ್ದುಹೋಯಿತು. ಕಂಪ್ನಿಗೆ ಜಾಗ ಬೇಕಾದರೆ ಅದೇ ಊರಿಗೆ ಹೋಗಿ, ಅದೇ ವಾರ್ಡ್ ಸಭೆಯಲ್ಲಿ ಕೇಳಬೇಕು ಅಂತ ಆದೇಶವಾಯಿತು. ನಿಷೇಧದ ಹದಿನೈದು ದಿನ ಮುಗಿದ ಮೇಲೆ ಬ್ಯಾರಿಕೇಡು ಹೋದವು, ಮತ್ತೆ ಬರಲಿಲ್ಲ. ಹರಿತಾಳ ಮೇಲೆ ಕೇಸು ಬೀಳಲಿಲ್ಲ, ಫೋನು ಮುಚ್ಚಳಿಕೆ ಇಲ್ಲದೆಯೇ ವಾಪಸ್ ಬಂತು, ಲೈಬ್ರರಿಯ ಬೀಗದ ಕೈಯೂ ಬಂತು. ಕಂಪ್ನಿ ಹೋಯಿತು ಅಂದುಕೊಳ್ಳಬೇಡಿ, ಅದಿನ್ನೂ ಇದೆ. ದೊಡ್ಡ ಕಚೇರಿಯಲ್ಲಿ ಅದರ ಏಸಿ ಇನ್ನೂ ತಣ್ಣಗೆ ಓಡುತ್ತಿದೆ.

ಆಗಸ್ಟಿನಲ್ಲಿ ಮುಂದಿನ ವಾರ್ಡ್ ಸಭೆ ಅಂಗನವಾಡಿಯ ಮುಂದೆ ನಡೆಯಿತು. ಮುಂಚೆಲ್ಲ ಹನ್ನೆರಡು ಜನ ಬಂದರೆ ಹೆಚ್ಚು, ಅದರಲ್ಲಿ ನಾಲ್ವರು ನಿದ್ದೆ ಮಾಡುವವರು. ಈ ಸಲ ಚಾಪೆ ಸಾಲದೆ ಪಕ್ಕದ ಮನೆಗಳಿಂದ ತಂದು ಹಾಸಿದರು. ಬೊಗಸೆಯಲ್ಲಿ ಹುಳ ಹಿಡಿದು ಬಾಯಿ ಬಿಟ್ಟವರು ಮತ್ತೆ ಮುಚ್ಚಿದ್ದರೆ ಕೇಳಿ. ಕುಡಿಯುವ ನೀರಿಗೆ ಒಂದು ಗಂಟೆ, ಬೀದಿದೀಪಕ್ಕೆ ಮುಕ್ಕಾಲು ಗಂಟೆ, ಒಬ್ಬರ ಮೇಲೊಬ್ಬರು ಬಿದ್ದು ಮಾತು. ರಾಧಮ್ಮ ಟೀಚರು ಎದ್ದು, ಮೆಂಬರಮ್ಮ ನಾಲ್ಕು ಅರ್ಜಿಗೆ ಯಾಕೆ ಉತ್ತರ ಕೊಟ್ಟಿಲ್ಲ ಅಂತ ಎಲ್ಲರ ಮುಂದೆ ದಬಾಯಿಸಿದರು. ಓಬಳಮ್ಮನಿಗೆ ಸಿಟ್ಟು ನೆತ್ತಿಗೇರಿತು. ಅಲ್ಲಿ ಮನೆಯಲ್ಲಿ ಹುಳ ಮೂರನೇ ಜ್ವರಕ್ಕೆ ಕೂತಿದೆ, ಇಲ್ಲಿ ಇವರು. ಆದರೂ ಒಂದೊಂದು ಅರ್ಜಿಯನ್ನೂ ತೆಗೆದು ಉತ್ತರ ಹೇಳಿದಳು.

ಅಷ್ಟರಲ್ಲಿ ಒಂದು ದೊಡ್ಡ ಕಾರು ಬಂದು ನಿಂತು, ಅಗ್ನಿಕೇತು ಕಂಪ್ನಿಯ ಮೂವರು ಇಳಿದರು. ಜೊತೆಗೊಬ್ಬ ಅಧಿಕಾರಿ. ಕೈಯಲ್ಲಿ ಬಣ್ಣದ ನಕ್ಷೆಗಳು, ಲ್ಯಾಪ್‌ಟಾಪು. ಜನ ಸ್ವಲ್ಪ ಸರಿದು ಜಾಗ ಬಿಟ್ಟರು. ಅವರಲ್ಲಿ ಹಿರಿಯನು ಮುಂದೆ ಬಂದು, ತಮಗೆ ಬೆಂಗಳೂರಿಗೆ ಬೇಗ ವಾಪಸ್ ಹೋಗಬೇಕೆಂದೂ, ದೇಶದ ವಿಷಯವಾದ್ದರಿಂದ ಮೊದಲು ತಮ್ಮದನ್ನು ಮುಗಿಸಿಕೊಡಬೇಕೆಂದೂ ನಯವಾಗಿಯೇ ಕೇಳಿಕೊಂಡ.

ಓಬಳಮ್ಮ ಕೈಯಲ್ಲಿದ್ದ ಪಟ್ಟಿಯನ್ನು ಮೇಲಿನಿಂದ ಕೆಳಗಿನ ತನಕ ನೋಡಿದಳು.

"ನಿಮ್ಮದು ಐದನೇ ವಿಷಯ ಸ್ವಾಮಿ" ಅಂದಳು. "ಚರಂಡಿ ಮುಗೀಲಿ. ಅಲ್ಲಿ ಚಾಪೆ ಇದೆ, ಕೂತ್ಕೊಳ್ಳಿ."

ಅವರು ಕೂತುಕೊಂಡರು.